ಇನಾಸ ಉಪವಾಸ ಮುರಿದ ವರ್ಷ

ಹೋದ ತಿಂಗಳು ಹಿರೇಗುತ್ತಿಯಲ್ಲಿ ಶಿಕ್ಷಕರ ತರಬೇತಿಯೊಂದಿತ್ತು. ಮುಗಿಸಿಕೊಂಡು ಹೆದ್ದಾರಿಯ ಬದಿಯಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಮಧ್ಯಾಹ್ನದ ಬಿಸಿಲು. ಗುಡ್ಡದ ಕಡೆಯಿಂದ ಗಾಳಿ ತಿರುಗಿ, ಅದರ ಜೊತೆಗೆ ಗೇರುಹಣ್ಣು ಕೊಳೆತು ಹುಳಿಬಂದ ವಾಸನೆ ಮುಖಕ್ಕೆ ಬಡಿಯಿತು. ನಾನು ಸೆರಗನ್ನು ಮೂಗಿಗೆ ಹಿಡಿದೆ. ಪಕ್ಕದಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ನಿಂತಿದ್ದ ಹೆಂಗಸು ನಕ್ಕಳು. "ಎಂತ ಅಕ್ಕೋರೆ, ಗೇರುಹಣ್ಣಿನ ವಾಸನೆ ಆಗೂದಿಲ್ವಾ ನಿಮ್ಗೆ? ನನ್ನ ಬುಟ್ಟಿ ವಾಸನೆ ಮಾತ್ರ ಆತದೆ?" ಎಂದು ಕೇಳಿದಳು. ತಲೆನೋವು ಬರುತ್ತದೆ ಎಂದು ಏನೋ ಹೇಳಿ ಜಾರಿಕೊಂಡೆ. ಉಳಿದವರಿಗೆ ಅದು ಬೇಸಿಗೆಯ ವಾಸನೆ, ಮಕ್ಕಳಿಗೆ ರಜೆಯ ವಾಸನೆ. ನನಗೆ ಮಾತ್ರ ಅದು ಒಂದೇ ಒಂದು ವರ್ಷದ ಉಪವಾಸ ಕಾಲದ ವಾಸನೆ.

ನನ್ನ ಗಂಡ ಇನಾಸ ಹೊನ್ನಾವರದ ಬಂದರಿನಲ್ಲಿ ಬೋಟುಗಳ ಡೀಸೆಲ್ ಎಂಜಿನ್ ರಿಪೇರಿ ಮಾಡುವವನು. ನಾನು ಮಾವಳ್ಳಿಯ ಸರಕಾರಿ ಶಾಲೆಯಲ್ಲಿ ಕನ್ನಡ ಕಲಿಸುವವಳು. ಮನೆಯಲ್ಲಿ ನಮಗೆ ಕೊಂಕಣಿ, ಕೇರಿಯಲ್ಲಿ ಕನ್ನಡ, ಜಗಳಕ್ಕೆ ಎರಡೂ. ಇನಾಸ ಕುಡಿಯುತ್ತಿದ್ದ. ಮದುವೆಯಾದ ಹೊಸದರಲ್ಲಿ ಭಾನುವಾರ, ಆಮೇಲೆ ಬೋಟು ಬಂದ ದಿನ, ಆಮೇಲೆ ಬೋಟು ಬರದ ದಿನವೂ. ಹೊಡೆಯುವವನಲ್ಲ, ಬೈಯುವವನಲ್ಲ. ಜಗಲಿಯಲ್ಲಿ ಗೋಡೆಗೆ ಒರಗಿ ಕೂತು ಸುಮ್ಮನೆ ಮುಗಿದುಹೋಗುತ್ತಿದ್ದ. ಅದನ್ನು ನೋಡುವುದಕ್ಕಿಂತ ಎರಡು ಪೆಟ್ಟು ತಿನ್ನುವುದೇ ಮೇಲು ಎಂದು ನನಗೆ ಎಷ್ಟೋ ಸಲ ಅನಿಸಿದ್ದುಂಟು.

ಆದರೆ ಕರೇಜ್ಮ ಬಂತೆಂದರೆ ಆತ ಬೇರೆ ಮನುಷ್ಯ. ಕರೇಜ್ಮ ಎಂದರೆ ಪಾಸ್ಖ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಮೊದಲಿನ ನಲವತ್ತು ದಿನದ ಉಪವಾಸ. ಇಗರ್ಜಿಯಲ್ಲಿ, ನಮ್ಮ ಚರ್ಚಿನಲ್ಲಿ, ಹಣೆಗೆ ಬೂದಿ ಬಿದ್ದ ಗಳಿಗೆಯಿಂದ ಪಾಸ್ಖದ ಬೆಳಗಿನ ಪೂಜೆ ಮುಗಿಯುವ ತನಕ ಇನಾಸ ಒಂದು ತೊಟ್ಟು ಮುಟ್ಟುತ್ತಿರಲಿಲ್ಲ. ಅವನೊಬ್ಬನೇ ಅಲ್ಲ, ನಮ್ಮ ಕೇರಿಯ ಅರ್ಧ ಗಂಡಸರು ಹಾಗೆಯೇ. ಉಪವಾಸವನ್ನು ಪೂರ್ತಿ ಹಿಡಿದವರಲ್ಲಿ ನಾಲ್ವರು ಶುಭ ಶುಕ್ರವಾರದ ಮೆರವಣಿಗೆಯಲ್ಲಿ ಯೇಸುವಿನ ಮರದ ಮೂರ್ತಿ ಮಲಗಿಸಿದ ಮಂಚ ಹೊರಬೇಕು ಎಂಬುದು ನಮ್ಮಲ್ಲಿ ಅಜ್ಜಂದಿರ ಕಾಲದ ರೂಢಿ. ಎದುರಿನ ಬಲಮೂಲೆ ಇನಾಸನದು. ಅವನಪ್ಪನ ಹೆಗಲಿನಿಂದ ಅವನ ಹೆಗಲಿಗೆ ಬಂದದ್ದು. ಬಿಳಿ ಅಂಗಿ ಹಾಕಿ, ಕೆನ್ನೆ ಒಳಗೆ ಹೋಗಿ, ಕಣ್ಣು ತಿಳಿಯಾಗಿ ಅವನು ಆ ಮಂಚ ಹೊತ್ತು ಬರುವುದನ್ನು ನೋಡುವಾಗ ನನಗೇ ಅವನ ಮೇಲೆ ಹೊಸದಾಗಿ ಮನಸ್ಸಾಗುತ್ತಿತ್ತು. ಎರಡು ದಿನ ಕಳೆದು ಪಾಸ್ಖ. ಯೇಸು ಎದ್ದ ದಿನ ನನ್ನ ಗಂಡ ಬೀಳುತ್ತಿದ್ದ.

ನನ್ನ ಅತ್ತೆಗೆ, ನಾವು ಮಾಯ್ ಎಂದು ಕರೆಯುವ ಮುದುಕಿಗೆ, ಈ ನಲವತ್ತು ದಿನವೇ ಮಗನ ಸರ್ಟಿಫಿಕೇಟು. ಯಾರಾದರೂ ಇನಾಸನ ಬಗ್ಗೆ ಒಂದು ಮಾತು ಎತ್ತಿದರೆ ಸಾಕು, "ಕುಡ್ಕ ಅಂದ್ರೆ ಪೆದ್ರು. ನನ್ನ ಮಗ ಕರೇಜ್ಮದಲ್ಲಿ ವಾಸ್ನೆ ಸಹ ನೋಡೂದಿಲ್ಲ. ಮನ್ಸು ಮಾಡಿದ್ರೆ ಅಂವ ಬಿಡೂಕೆ ಒಂದು ಗಳಿಗೆ ಸಾಕು" ಎನ್ನುತ್ತಿದ್ದಳು. ಇನಾಸನದೂ ಅದೇ ಮಾತು. ನಾನೂ ಅದನ್ನೇ ನಂಬಿದ್ದೆ. ನಲವತ್ತು ದಿನ ಆಗುವವನಿಗೆ ನಾನೂರು ದಿನ ಯಾಕೆ ಆಗುವುದಿಲ್ಲ, ಇನ್ನೊಂದಿಷ್ಟು ಗಟ್ಟಿಯಾಗಿ ಹಿಡಿದರೆ ಆದೀತು ಎಂಬುದು ನನ್ನ ಲೆಕ್ಕ. ಮೇಷ್ಟ್ರುಗಳ ಲೆಕ್ಕ ಯಾವಾಗಲೂ ಹೀಗೆಯೇ.

ಪೆದ್ರು ನಮ್ಮ ಹಿಂದಿನ ಮನೆಯವನು. ಬೋಟುಗಳಿಗೆ ಬಣ್ಣ ಹೊಡೆದು, ಮೂತಿಯ ಮೇಲೆ ಹೆಸರು ಬರೆಯುವುದು ಅವನ ಕಸುಬು. ದೇವಿಯ ಹೆಸರೂ ಬರೆಯುವನು, ಸಂತರ ಹೆಸರೂ ಬರೆಯುವನು, ಭಟ್ಕಳದ ಸಾಹುಕಾರರ ಬೋಟಿಗೆ ಉರ್ದುವನ್ನೂ ನೋಡಿ ನೋಡಿ ತಿದ್ದುವನು. ಕರೇಜ್ಮವಿರಲಿ ಕ್ರಿಸ್ಮಸ್ಸಿರಲಿ ಅವನಿಗೆ ಎಲ್ಲ ದಿನವೂ ಒಂದೇ. ಭಾನುವಾರ ಪೂಜೆಗೆ ಬಂದರೂ ಇಗರ್ಜಿಯ ಒಳಗೆ ಬರುವವನಲ್ಲ, ಅಂಗಳದ ಬಾದಾಮಿ ಮರದ ಕೆಳಗೆ ನಿಂತು ಹೋಗುವವನು. ಇನಾಸ ಅವನಿಗೆ ಬುದ್ಧಿ ಹೇಳುತ್ತಿದ್ದ: "ಗಂಡಸು ಮನ್ಸು ಮಾಡ್ಬೇಕು ಪೆದ್ರು." ಪೆದ್ರು ಹಲ್ಲುಬಿಟ್ಟು, "ನಂಗೆ ಆ ಸಾಮಾನು ದೇವ್ರು ಇಡ್ಲೇ ಇಲ್ಲ ಮಾರಾಯ" ಎನ್ನುತ್ತಿದ್ದ. ಅವನ ಹೆಂಡತಿ ಮರ್ತಾ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು, ನನ್ನ ಗೆಳತಿ. ಅವರಿಗೆ ಮಕ್ಕಳಿರಲಿಲ್ಲ. ನಮಗೆ ಒಬ್ಬಳೇ ಮಗಳು, ಆಗ ಉಡುಪಿಯಲ್ಲಿ ನರ್ಸಿಂಗ್ ಓದುತ್ತಿದ್ದಳು. ಹಾಗಾಗಿ ಸಂಜೆಯ ಹೊತ್ತಿನಲ್ಲಿ ಮರ್ತಾಗೆ ನಾನು, ನನಗೆ ಮರ್ತಾ.

ಆ ವರ್ಷ ಕ್ರಿಸ್ಮಸ್ ಕಳೆದ ಮೇಲೆ ಇನಾಸನ ಕಣ್ಣು ಹಳದಿಯಾಯಿತು. ಕಾಲು ಊದಿತು. ಭಟ್ಕಳದ ಡಾಕ್ಟರರಲ್ಲಿ ತೋರಿಸಿದೆ. ಬಿಳಿ ಗಡ್ಡದ, ಮೆತ್ತಗಿನ ಮಾತಿನ ನವಾಯತ ಮುಸ್ಲಿಮ ಸಾಹೇಬರು. ಸ್ಕ್ಯಾನಿಂಗಿನ ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ನೋಡಿ ಟೀಚರ್, ಲಿವರ್ ಇನ್ನೂ ಪೂರಾ ಹೋಗಿಲ್ಲ. ಆದ್ರೆ ಇನ್ನು ಇವ್ರು ಕುಡಿದ್ರೆ ನನ್ನ ಹತ್ರ ಕರ್ಕೊಂಡು ಬರೋದು ಬೇಡ. ಬಿಲ್ಕುಲ್ ಬಂದ್ ಆಗ್ಬೇಕು. ಮಂಗಳೂರು ಕಡೆ ಕುಡಿತ ಬಿಡಿಸೋ ಜಾಗ ಇದೆ, ಚೀಟಿ ಕೊಡ್ತೇನೆ" ಎಂದರು. ಇನಾಸ ಚೀಟಿ ತೆಗೆದುಕೊಳ್ಳಲಿಲ್ಲ. "ಅದೆಲ್ಲ ಕುಡ್ಕರಿಗೆ ಸಾಹೇಬ್ರೆ. ನಮ್ಗೆ ಕರೇಜ್ಮ ಬತ್ತಾ ಇದೆ. ಈ ಸಲ ಹಿಡಿದದ್ದು ಪಾಸ್ಖಕ್ಕೂ ಬಿಡೂದಿಲ್ಲ, ಆತಲ್ಲ?" ಎಂದ. ಮನೆಗೆ ಬಂದ ಮೇಲೆ ಮಾಯ್ ಕೂಡ, ನನ್ನ ಮಗನನ್ನು ಹುಚ್ಚರ ಜೊತೆ ಕೂಡಿಹಾಕುವುದು ಬೇಡ ಎಂದಳು. ಅವನ ಬದುಕು ಅವನ ಮನಸ್ಸಿನ ಗಟ್ಟಿತನದ ಮೇಲೆ ನಿಂತಿತು.

ಬೂದಿ ಬುಧವಾರದ ಪ್ರವಚನ ನನಗೆ ಸರಿಬರಲಿಲ್ಲ. ನಮ್ಮ ಫಾದರ್ ವಯಸ್ಸಾದವರು, ಮಂಡಿ ನೋವಿನವರು, ಬಂಗಡೆ ಹುರಿದದ್ದು ಕಂಡರೆ ಉಪದೇಶ ಮರೆಯುವವರು. ಅವತ್ತು, "ನೀವು ಉಪವಾಸ ಹಿಡಿದದ್ದಕ್ಕೆ ದೇವರು ಸಂಬಳ ಕೊಡುವುದಿಲ್ಲ. ಅವನು ಕೊಡುವುದು ಸುಮ್ಮನೆ ಕೊಡುವುದು. ಅದಕ್ಕೇ ಅದನ್ನು ಕೃಪೆ ಎನ್ನುವುದು. ಕೈ ಖಾಲಿ ಇದ್ದವನಿಗೆ ಅದನ್ನು ಹಿಡಿಯುವುದು ಸುಲಭ" ಎಂದರು. ನಾನು ಹಿಂದಿನ ಬೆಂಚಿನಲ್ಲಿ ಕೂತು ಕುದಿದೆ. ಓದದೆ ಪಾಸು ಮಾಡುತ್ತೇವೆ ಎಂದು ಪರೀಕ್ಷೆಗೆ ಮೊದಲೇ ಮಕ್ಕಳಿಗೆ ಹೇಳಿದರೆ ಯಾವ ಮಗು ಪುಸ್ತಕ ತೆರೆದೀತು? ನನ್ನ ಗಂಡನ ಜೀವ ಅವನ ಹಟದ ಮೇಲೆ ನಿಂತಿರುವಾಗ ಇವರು ಹಟಕ್ಕೇ ಕೊಡಲಿ ಹಾಕುತ್ತಿದ್ದಾರಲ್ಲ ಎಂದು ಸಿಟ್ಟು ಬಂತು.

ನಾನು ನನ್ನ ಕೆಲಸ ಮಾಡಿದೆ. ಬೆಳಿಗ್ಗೆ ಎದ್ದು ಜಪಸರ, ಸಂಜೆ ಮತ್ತೆ ಜಪಸರ. ಬಸ್ಸಿನಲ್ಲಿ ಮುರುಡೇಶ್ವರದ ಕ್ರಾಸ್ ಬರುವ ತನಕ ಬೆರಳಿನ ಗೆಣ್ಣಿನ ಮೇಲೆ ಪ್ರಾರ್ಥನೆ. ಮಂಗಳವಾರ ಮಂಗಳವಾರ ಮರ್ತಾ ಮತ್ತು ನಾನು ಬರಿಗಾಲಲ್ಲಿ ಗುಡ್ಡದ ಮೇಲಿನ ಶಿಲುಬೆಯ ತನಕ ನಡೆದು ಮೇಣದಬತ್ತಿ ಹಚ್ಚಿ ಬರುತ್ತಿದ್ದೆವು. ಡಾಂಬರು ಕಾದು ಅಂಗಾಲು ಸುಡುತ್ತಿತ್ತು. ಮರ್ತಾ ಕೇಳುತ್ತಿದ್ದದ್ದು ಚಿಕ್ಕದು, "ಪೆದ್ರು ಒಂದು ದಿನ ಬಿಟ್ರೆ ಸಾಕು, ಒಂದು ದಿನ ಅಂವ ಹೆಂಗಿದ್ದ ಅಂತ ನಂಗೆ ನೋಡ್ಬೇಕು" ಎನ್ನುತ್ತಿದ್ದಳು. ನಾನು ಕೇಳುತ್ತಿದ್ದದ್ದು ದೊಡ್ಡದು, ಜೀವಮಾನದ್ದು. ನನ್ನ ಗಂಡನಿಗೆ ಯೋಗ್ಯತೆ ಇದೆ ಎಂದು ನನಗೆ ಅನಿಸುತ್ತಿತ್ತು.

ಮೊದಲ ವಾರಗಳು ಚೆನ್ನಾಗಿಯೇ ಹೋದವು. ಊತ ಇಳಿಯಿತು, ಊಟ ಸೇರಿತು. ಶುಕ್ರವಾರದ ಶಿಲುಬೆ ಹಾದಿಯ ಪ್ರಾರ್ಥನೆಯಲ್ಲಿ ಇನಾಸ ಎಲ್ಲರಿಗಿಂತ ಮುಂದೆ ಮಂಡಿಯೂರುತ್ತಿದ್ದ. ಆದರೆ ಸಂಜೆಯ ಹೊತ್ತಿಗೆ ಅವನ ದವಡೆ ಬಿಗಿಯುವುದನ್ನು ನಾನು ಆ ವರ್ಷ ಮೊದಲ ಸಲ ಗಮನಿಸಿದೆ. ಯಾರೋ ಅವನ ಬಾಯನ್ನು ಒಳಗಿನಿಂದ ನಟ್ಟು ಹಾಕಿ ಮುಚ್ಚಿದ ಹಾಗೆ. ಕ್ಯಾಲೆಂಡರಿನ ಎದುರು ಹೋಗಿ ನಿಲ್ಲುವನು, ಬರುವನು, ಮತ್ತೆ ಹೋಗಿ ನಿಲ್ಲುವನು. ಈ ಸಲ ಉಪವಾಸಕ್ಕೆ ಪಾಸ್ಖದ ಗೋಡೆ ಇರಲಿಲ್ಲ, ಅದರ ಆಚೆಗೂ ಬರೀ ಬಯಲು. ಅವನು ನೋಡುತ್ತಿದ್ದದ್ದು ಆ ಬಯಲನ್ನು ಎಂದು ಆಗ ನನಗೆ ಹೊಳೆಯಲಿಲ್ಲ.

ಕರೇಜ್ಮದ ನಡುಮಧ್ಯದಲ್ಲಿ ಹಿರೇಗುತ್ತಿಯ ಗುಡ್ಡದ ಬುಡದ ತೋಟವೊಂದರಿಂದ ಫೋನು ಬಂತು. ಪಂಪಿನ ಡೀಸೆಲ್ ಎಂಜಿನ್ ನಿಂತುಹೋಗಿದೆ, ಗಿಡ ಒಣಗುತ್ತಿವೆ ಎಂದರು. ಇನಾಸ ಚೀಲ ಹೆಗಲಿಗೆ ಹಾಕಿ ಬೆಳಗಿನ ಬಸ್ಸಿಗೆ ಹೋದ. ಎಂಜಿನ್ ಇದ್ದ ಗುಡಿಸಲಿನ ಮಗ್ಗುಲಲ್ಲೇ ಗೇರುಹಣ್ಣಿನ ರಾಶಿ ಹಾಕಿ, ತುಳಿದು, ರಸವನ್ನು ಹಂಡೆಗಳಲ್ಲಿ ಹುಳಿಬರಲು ಇಟ್ಟಿದ್ದರಂತೆ. ಕದ್ದು ಸಾರಾಯಿ ಕಾಯಿಸುವ ಜಾಗ. ಅವನು ಎಂಜಿನ್ ಬಿಚ್ಚಿ, ಕಟ್ಟಿ, ಚಾಲು ಮಾಡಿದ. ಕೈ ತೊಳೆಯುವಾಗ ತೋಟದವನು ಪ್ರೀತಿಯಿಂದ ಒಂದು ಲೋಟ ಹಿಡಿದ. ಯಾರೂ ಒತ್ತಾಯ ಮಾಡಲಿಲ್ಲ. ಬೇಡ ಎಂದು ಹೇಳಬೇಕು ಎಂದು ತನಗೆ ನೆನಪೇ ಆಗಲಿಲ್ಲ ಎಂದು ಆಮೇಲೆ ಇನಾಸ ಹೇಳಿದ. ಮನೆಗೆ ಬರಲಿಲ್ಲ, ಫೋನು ಎತ್ತಲಿಲ್ಲ. ಎರಡು ದಿನ ನಾನು ಶಾಲೆಗೂ ಹೋಗದೆ ಬಂದರು, ಬಸ್‌ಸ್ಟ್ಯಾಂಡು, ಕುಮಟೆಯ ಆಸ್ಪತ್ರೆ ಎಂದು ಅಲೆದೆ.

ಕರೆದುಕೊಂಡು ಬಂದವನು ಪೆದ್ರು. ತದಡಿಯಲ್ಲಿ ಬೋಟಿಗೆ ಬಣ್ಣ ಹೊಡೆದು ವಾಪಸು ಬರುವಾಗ ಹಿರೇಗುತ್ತಿಯ ಬಸ್‌ಸ್ಟಾಪಿನಲ್ಲಿ ಇನಾಸ ಬಿದ್ದಿರುವುದು ಬಸ್ಸಿನ ಕಿಟಕಿಯಿಂದ ಕಂಡಿತಂತೆ. ಇಳಿದು, ಎತ್ತಿ, ತನ್ನ ಲುಂಗಿಯಿಂದ ಮುಖ ಒರೆಸಿ, ರಿಕ್ಷಾ ಹಿಡಿದು ಅಷ್ಟು ದೂರ ಕರೆತಂದಿದ್ದ. ಆ ದಿನ ಪೆದ್ರು ಕುಡಿದಿರಲಿಲ್ಲ. ಕುಡಿಯಲು ಹೊತ್ತು ಸಿಕ್ಕಿರಲಿಲ್ಲ ಎಂದರೂ ಸರಿ. "ಬೈಬೇಡ ಸಿಸಿಲಿ," ಎಂದ ನನ್ನ ಮುಖ ನೋಡಿ. "ಅಂವ ದಾರಿಯುದ್ದಕ್ಕೂ ಅಳ್ತಾ ಬಂದ. ನಾನು ಬಿದ್ರೆ ನಂಗೆ ರೂಢಿ ಇದೆ. ಅವಂಗೆ ಬೀಳೂಕೆ ಬತ್ತಿಲ್ಲ ನೋಡು."

ಅವತ್ತಿನಿಂದ ಇನಾಸ ಗೋಡೆ ಕಡೆ ಮುಖ ಮಾಡಿ ಮಲಗಿದ. ಕಣ್ಣು ಮತ್ತೆ ಹಳದಿ. ಮಾಯ್ ಬಾಗಿಲು ಹಾಕಿ, ಕೇಳಿದವರಿಗೆಲ್ಲ ಕಾಮಾಲೆ ಎಂದಳು. ಅವಳಿಗೆ ಮಗನ ಹೊಟ್ಟೆಗಿಂತ ಮಂಚದ ಬಲಮೂಲೆಯ ಚಿಂತೆ ಹೆಚ್ಚಾಗಿತ್ತು. "ಯಾರಿಗೂ ಗೊತ್ತಿಲ್ಲ. ಪೆದ್ರು ಮಾತು ಯಾರು ನಂಬ್ತಾರೆ? ನೀನು ಸುಮ್ನೆ ಬಿಳಿ ಅಂಗಿ ಹಾಕಿ ಹೊತ್ತುಬಿಡು" ಎಂದು ಮಗನ ಕಿವಿಯಲ್ಲಿ ಹೇಳಿದಳು.

ನನಗೆ ದೇವರ ಮೇಲೆ ರೋಷ ಬಂತು. ಸುಟ್ಟ ಅಂಗಾಲಿಗೆ, ಬೆಳಗಿನ ನಿದ್ದೆಗೆ, ಇಷ್ಟು ವರ್ಷದ ಪ್ರಾರ್ಥನೆಗೆ ಇದೇನು ಉತ್ತರ? ದೇವರ ಪೀಠದ ಎದುರು ನಿಂತು ಜಪಸರವನ್ನು ಮೊಳೆಗೆ ನೇತುಹಾಕಿದೆ. "ಆತು. ನನ್ನಿಂದ ಆಗೂದು ಮುಗೀತು. ಇನ್ನು ನೀನೇ ನೋಡ್ಕೋ" ಎಂದು ಗಟ್ಟಿಯಾಗಿಯೇ ಹೇಳಿದೆ. ಅದಕ್ಕೆ ಶರಣಾಗತಿ ಎಂದು ಫಾದರ್ ಆಮೇಲೆ ಹೆಸರಿಟ್ಟರು. ಶರಣಾಗತಿಯೂ ಅಲ್ಲ, ಎಂತದ್ದೂ ಅಲ್ಲ. ಅದು ಜಗಳ. ಅವತ್ತಿನಿಂದ ಪಾಸ್ಖದ ತನಕ ನಾನು ಒಂದು ಪ್ರಾರ್ಥನೆ ಮಾಡಲಿಲ್ಲ.

ಪಾಸ್ಖಕ್ಕೆ ಮೊದಲಿನ ಪವಿತ್ರ ವಾರದ ಬುಧವಾರ ಸಂಜೆ ಫಾದರ್ ಮಂಡಿ ಹಿಡಿದುಕೊಂಡು ನಮ್ಮ ಮೆಟ್ಟಿಲು ಹತ್ತಿದರು. ಮಾಯ್ ಓಡಿಹೋಗಿ ಕುರ್ಚಿ ಒರೆಸಿ, ಮಗನಿಗೆ ಕಾಮಾಲೆ, ಶುಕ್ರವಾರದ ಹೊತ್ತಿಗೆ ಎದ್ದು ಹೊರುತ್ತಾನೆ ಎಂದು ಶುರುಮಾಡಿದಳು. ಒಳಗಿನಿಂದ ಇನಾಸ ಎದ್ದು ಬಂದ. ಬಾಗಿಲ ಚೌಕಟ್ಟು ಹಿಡಿದು ನಿಂತು, "ಕಾಮಾಲೆ ಅಲ್ಲ ಫಾದರ್. ನಾನು ಕರೇಜ್ಮದಲ್ಲಿ ಕುಡದೆ. ಈ ಸಲ ಮಂಚ ಹೊರೂಕೆ ಬೇರೆಯವ್ರನ್ನ ಹುಡ್ಕಿ" ಎಂದ. ಮಾಯ್ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಫಾದರ್‌ಗೆ ಆಶ್ಚರ್ಯ ಆದ ಹಾಗೆ ಕಾಣಲಿಲ್ಲ. "ಕೂತ್ಕೋ" ಎಂದರು. "ಹೊರೂದು ಬೇಡ. ಯೇಸು ಸತ್ತ ದಿವ್ಸ ಅವನ ಶಿಷ್ಯರು ಎಷ್ಟು ಜನ ಹೊತ್ರು ಹೇಳು? ಎಲ್ಲ ಓಡಿಹೋಗಿದ್ರು. ಜೀವ ಕೊಡ್ತೇನೆ ಅಂದವನೇ ಗುರ್ತಿಲ್ಲ ಅಂದ. ಅವತ್ತು ಅವರ ಮನ್ಸಿನ ಗಟ್ಟಿ ಎಲ್ಲ ಮುಗ್ದಿತ್ತು. ಜನ್ರನ್ನ ಉಳ್ಸೂ ಕೆಲ್ಸ ಮಾತ್ರ ನಿಲ್ಲಲಿಲ್ಲ, ಯೇಸು ಒಬ್ನೇ ಮಾಡಿ ಮುಗ್ಸಿದ."

"ಹಂಗಾದ್ರೆ ನಾನು ಎಂತ ಮಾಡ್ಬೇಕು ಫಾದರ್?"

"ಎಂತದೂ ಮಾಡ್ಬೇಡ. ಅಷ್ಟು ನಿನ್ನ ಕೈಲಿ ಆತದಾ?"

ಇನಾಸ ಕೂತು ತನ್ನ ಕೈ ನೋಡಿಕೊಂಡ. ಎಷ್ಟು ತೊಳೆದರೂ ಗ್ರೀಸಿನ ಕಪ್ಪು ಬಿಡದ ಕೈಗಳು. ಆಮೇಲೆ ಅವನು ಹೇಳಿದ ಮಾತು ನನ್ನ ಇಷ್ಟು ವರ್ಷದ ಲೆಕ್ಕವನ್ನೆಲ್ಲ ಅಳಿಸಿಹಾಕಿತು. "ನಾನು ಯಾವತ್ತೂ ಬಿಟ್ಟಿರ್ಲೇ ಇಲ್ಲ ಫಾದರ್. ಕರೇಜ್ಮದಲ್ಲೂ ಬಿಟ್ಟಿರ್ಲಿಲ್ಲ. ಪಾಸ್ಖಕ್ಕೆ ಕಾಯ್ತಾ ಇದ್ದೆ, ಅಷ್ಟೇ. ಈ ಸಲ ಕಾಯೂಕೆ ಎಂತದೂ ಇರ್ಲಿಲ್ಲ. ನನ್ನ ಕೈಲಿ ಆಗೂದಿಲ್ಲ." ಅಷ್ಟು ಹೇಳಿ ನನ್ನ ಕಡೆ ತಿರುಗಿದ. "ಸಿಸಿಲಿ, ಆ ಸಾಹೇಬ್ರ ಚೀಟಿ ಈಗ ಸಿಕ್ಕುತ್ತದಾ ಕೇಳು."

ಮಾಯ್ ಗೋಳೋ ಎಂದು ಅತ್ತಳು. ನಮ್ಮ ಮನೆಯಲ್ಲಿ ಇದ್ದದ್ದು ಅದೊಂದೇ ಮಾನ, ಅದೂ ಹೋಯಿತು ಎಂದಳು. ನನಗೂ ಸಂತೋಷವಾಗಲಿಲ್ಲ, ಭಯವಾಯಿತು. ಹಟ ಇರುವ ಗಂಡನ ಜೊತೆ ಹೇಗೆ ಬಾಳುವುದು ಎಂದು ನನಗೆ ಗೊತ್ತಿತ್ತು. ಆಗುವುದಿಲ್ಲ ಎಂದು ಕೈಚೆಲ್ಲಿದವನನ್ನು ಯಾವುದಕ್ಕೆ ಆನಿಸಿ ನಿಲ್ಲಿಸುವುದು?

ಶುಭ ಶುಕ್ರವಾರ ಇನಾಸ ಇಗರ್ಜಿಗೆ ಬಂದ, ಕೆಲಸದ ಅಂಗಿಯಲ್ಲೇ. ಒಳಗೆ ಬರದೆ ಬಾದಾಮಿ ಮರದ ಕೆಳಗೆ ಪೆದ್ರು ಪಕ್ಕ ನಿಂತ. ಕೇರಿಗೆ ಕೇರಿಯೇ ತಿರುಗಿ ತಿರುಗಿ ನೋಡಿತು. ಮಂಚದ ಬಲಮೂಲೆಯನ್ನು ಬೇರೆ ಯಾರೋ ಹೊತ್ತು ಹೋದರು. ಮೆರವಣಿಗೆ ದಾಟಿದ ಮೇಲೆ ಪೆದ್ರು ಕೇಳಿದನಂತೆ, "ನೀನು ಹೋಗುವ ಜಾಗಕ್ಕೆ ನನ್ನಂಥವ್ರನ್ನೂ ಸೇರ್ಸ್ತಾರಾ?" ಎಂದು. ಬುದ್ಧಿ ಹೇಳುವ ಯೋಗ್ಯತೆ ಇನಾಸನಿಗೆ ಈಗ ಇರಲಿಲ್ಲ. "ನಿನ್ನಂಥವ ಅಂತ ಬೇರೆ ಇಲ್ಲ ಮಾರಾಯ. ಬಾ, ಹೋಗ್ವ" ಎಂದನಂತೆ.

ಶನಿವಾರದ ಮಂಗಳೂರು ರೈಲಿಗೆ ಇಬ್ಬರೂ ಒಂದೇ ಚೀಲದಲ್ಲಿ ಬಟ್ಟೆ ತುಂಬಿಕೊಂಡು ಹೊರಟರು. ಸಾಹೇಬರು ಚೀಟಿಯನ್ನು ಇಬ್ಬರಿಗೂ ಬರೆದುಕೊಟ್ಟಿದ್ದರು. ಪಾಸ್ಖದ ದಿನ ಮರ್ತಾ ಮತ್ತು ನಾನು ನಮ್ಮ ಅಡುಗೆಮನೆಯಲ್ಲಿ ಸಣ್ಣ ಸೀಗಡಿಯ ಸಾರು ಮಾಡಿ ನೆಲದ ಮೇಲೆ ಕೂತು ಉಂಡೆವು. ಮನೆಯಲ್ಲಿ ಬಾಟಲಿಯಿಲ್ಲದ ಮೊದಲ ಪಾಸ್ಖ. ಮರ್ತಾ ತುತ್ತು ಕೈಯಲ್ಲಿ ಹಿಡಿದು, "ಇವತ್ತು ಅಂವ ಕುಡಿಯೂದಿಲ್ಲ ಅಲ್ವಾ? ಇದೊಂದು ದಿನ ಸಿಕ್ತಲ್ಲ" ಎಂದಳು. ಇಬ್ಬರಿಗೂ ನಗು ಬಂತು, ನಕ್ಕೆವು. ಮಾಯ್ ಒಳಗಿನಿಂದ ನಮ್ಮನ್ನು ಬೈದಳು.

ಮಳೆ ಹಿಡಿಯುವ ಮೊದಲು ಅವರು ವಾಪಸು ಬಂದರು. ಕುಡಿಯದ ಪೆದ್ರು ಹೇಗಿರುತ್ತಾನೆ ಎಂದು ಮರ್ತಾ ನೋಡಿದಳು. ನಾವೂ ನೋಡಿದೆವು. ಹಾಡುವವನು, ಮರ್ತಾಳ ಜೊತೆ ಕೂತು ತೊಗರಿಬೇಳೆ ಆರಿಸುವವನು, ಭಾನುವಾರ ಇಗರ್ಜಿಯ ಕಡೇ ಬೆಂಚಿನ ತುದಿಯಲ್ಲಿ ಕೂರುವವನು. ಇನಾಸ ಮಾತ್ರ ನಾನು ಬಿಟ್ಟೆ ಎಂದು ಯಾರಿಗೂ ಹೇಳುತ್ತಿರಲಿಲ್ಲ. ಯಾರಾದರೂ ಕೇಳಿದರೆ, "ಇವತ್ತು ಇಲ್ಲ" ಎನ್ನುತ್ತಿದ್ದ, ಅಷ್ಟೇ. ಬೆಳಿಗ್ಗೆ ಎದ್ದು ಅಂಗಳದಲ್ಲಿ ನಿಂತು ಏನೋ ಕೇಳಿಕೊಂಡು ಬರುತ್ತಿದ್ದ. ಏನು ಎಂದು ನಾನು ಕೇಳಲಿಲ್ಲ. ಬೋಟುಗಳೆಲ್ಲ ಮಳೆಗಾಲದ ರಜೆಗೆ ದಡ ಹತ್ತಿದ್ದವು. ತಾಡಪಾಲಿನ ಕೆಳಗೆ ಇವನು ಎಂಜಿನ್ ಬಿಚ್ಚುವುದು, ಅವನು ಹಲಗೆ ಕೆರೆದು ಬಣ್ಣ ಹೊಡೆಯುವುದು. ಒಬ್ಬರು ಇನ್ನೊಬ್ಬರ ಕಣ್ಣಿನಿಂದ ಮರೆಯಾಗದ ಹಾಗೆ ಕೆಲಸ ಹಿಡಿದಿದ್ದರು.

ಜೋರು ಮಳೆಯ ಒಂದು ವಾರ ಇನಾಸನಿಗೆ ಜ್ವರ ಬಂದು ಅವನು ಬಂದರಿಗೆ ಹೋಗಲಿಲ್ಲ. ಆ ವಾರ ಪೆದ್ರು ಕುಡಿದ. ಯಾಕೆ ಎಂದು ಯಾರಿಗೂ ಗೊತ್ತಿಲ್ಲ, ಬಹುಶಃ ಅವನಿಗೂ ಗೊತ್ತಿರಲಿಲ್ಲ. ಬಣ್ಣದ ಡಬ್ಬಿಗಳ ನಡುವೆ ರಕ್ತ ಕಾರಿಕೊಂಡು ಬಿದ್ದಿದ್ದ. ಕುಮಟೆಗೆ ಒಯ್ಯುವ ದಾರಿಯಲ್ಲಿ, ಅಂಬುಲೆನ್ಸಿನಲ್ಲಿ, ಮರ್ತಾಳ ತೊಡೆಯ ಮೇಲೆ ತೀರಿಕೊಂಡ. ಮಣ್ಣು ಮಾಡುವಾಗ ಗುಂಡಿಯಲ್ಲಿ ನೀರು ತುಂಬುತ್ತಿತ್ತು, ಎರಡು ಬಕೆಟು ಇಟ್ಟು ಎತ್ತಿ ಹಾಕಿದರು. ಇನಾಸ ಜ್ವರದಲ್ಲೇ ಬಂದು, ಗುಂಡಿಯ ಅಂಚಿನಲ್ಲಿ ನಿಂತು, ಒಂದು ಹಿಡಿ ಕೆಸರು ಹಾಕಿ ಹೋದ. ಆಮೇಲೆ ಮರ್ತಾಳ ಹೊಸ್ತಿಲು ತುಳಿಯಲಿಲ್ಲ. "ಯಾವ ಮುಖ ಇಟ್ಕೊಂಡು ಹೋಗ್ಲಿ? ಮಂಗಳೂರಲ್ಲಿ ದಿನಾ ಬೆಳಿಗ್ಗೆ ನನ್ನನ್ನ ಎಬ್ಬಿಸಿ ಪ್ರಾರ್ಥನೆಗೆ ಕರ್ಕೊಂಡು ಹೋಗ್ತಿದ್ದವ ಅಂವ. ಅಂವ ಹೋದ, ನಾನು ಉಳ್ದೆ" ಎಂದ.

ಮರ್ತಾ ಅಳಲಿಲ್ಲ. ಒಲೆ ಹಚ್ಚುತ್ತಿದ್ದಳು, ಬಾಗಿಲು ಗುಡಿಸುತ್ತಿದ್ದಳು, ನಾನು ಹೋದರೆ ಚಹಾ ಕೊಡುತ್ತಿದ್ದಳು. ಒಂದು ದಿನ ತಾನಾಗಿ ಹೇಳಿದಳು: ಕರೇಜ್ಮದ ಒಂದು ಮಂಗಳವಾರ ಶಾಲೆಯಲ್ಲಿ ಅಡುಗೆ ತಡವಾಗಿ ನನ್ನ ಜೊತೆ ಬರಲಾಗದೆ, ಆಮೇಲೆ ಒಬ್ಬಳೇ ಶಿಲುಬೆಗೆ ಹೋಗಿಬಂದೆ ಎಂದು ನನಗೆ ಸುಳ್ಳು ಹೇಳಿದ್ದಳಂತೆ. "ನಿಂದು ಪೂರ್ತಿ ಇತ್ತು ಸಿಸಿಲಿ. ನಂದು ಒಂದು ಕಮ್ಮಿ ಆತು" ಎಂದಳು. ಹಾಗಲ್ಲ ಮಾರಾಯ್ತಿ ಎಂದೆ. ಅವಳು ಕೇಳಿಸಿಕೊಳ್ಳಲಿಲ್ಲ, ಲೋಟ ತೊಳೆಯಲು ಎದ್ದುಹೋದಳು. ಪ್ರಾರ್ಥನೆ ಗಟ್ಟಿ ಇದ್ದವಳ ಗಂಡ ಉಳಿದ ಎಂದು ಕೇರಿಯ ಹೆಂಗಸರೂ ಅದನ್ನೇ ಬೇರೆ ಮಾತಿನಲ್ಲಿ ಆಡುತ್ತಿದ್ದರು.

ಪೆದ್ರು ತೀರಿಕೊಂಡ ತಿಂಗಳ ಪೂಜೆ ಮುಗಿಸಿ ಮರ್ತಾಳ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಹತ್ತು ಹದಿನೈದು ಜನ. ಫಾದರ್ ಇದ್ದರು, ಮಾಯ್ ಇದ್ದಳು. ಇನಾಸ ಅಂಗಳದಲ್ಲಿ ಮಾಡಿನ ನೀರು ಬೀಳುವಲ್ಲಿ ಕೊಡೆ ಹಿಡಿದು ನಿಂತಿದ್ದ. ಎಷ್ಟು ಕರೆದರೂ ಒಳಗೆ ಬರಲಿಲ್ಲ. ಮಾಯ್‌ಗೆ ಮಗನ ಮಾನ ಮರಳಿ ಸಿಕ್ಕಿತ್ತು, ಬಾಯಿ ಸುಮ್ಮನಿರಲಿಲ್ಲ. "ನಮ್ಮ ಸಿಸಿಲಿಯ ಜಪಸರ ನನ್ನ ಮಗನನ್ನ ಉಳ್ಸಿತು. ಎರಡು ಹೊತ್ತು ತಪ್ಸಿದವಳಲ್ಲ. ದೇವ್ರು ಪುಕ್ಕಟೆ ಯಾರಿಗೆ ಕೊಡ್ತಾನೆ?" ಎಂದಳು. ಕೂತವರು ಹೌದೆಂದು ತಲೆಯಾಡಿಸಿದರು. ಅನ್ನದ ಪಾತ್ರೆ ಹಿಡಿದು ಬಡಿಸುತ್ತಿದ್ದ ಮರ್ತಾ ನಿಂತುಬಿಟ್ಟಳು.

ನನಗೆ ತಡೆಯಲಾಗಲಿಲ್ಲ. "ಇಲ್ಲ ಮಾಯ್" ಎಂದೆ. ಕ್ಲಾಸಿನಲ್ಲಿ ಮಾತಾಡುವ ಗಟ್ಟಿ ದನಿಯೇ ಬಂತು. "ಇನಾಸ ಕೈಚೆಲ್ಲಿ ಕೂತ ವಾರ ನಾನು ಜಪಸರ ಮುಟ್ಟಲೇ ಇಲ್ಲ. ಮೊಳೆಗೆ ನೇತುಹಾಕಿ ದೇವ್ರಿಗೆ ಬೈದಿದ್ದೆ. ನಾನು ಪ್ರಾರ್ಥನೆ ಮಾಡಿದಷ್ಟು ದಿನ ಅಂವ ಕುಡ್ದ. ನಾನು ಬಿಟ್ಟ ಮೇಲೆ ಅಂವ ಬಿಟ್ಟ. ಇದ್ರಲ್ಲಿ ನಂದು ಎಂತದೂ ಇಲ್ಲ."

ಮರ್ತಾ ಪಾತ್ರೆಯನ್ನು ನೆಲಕ್ಕೆ ಇಟ್ಟಳು.

"ಹಂಗಾದ್ರೆ ಆ ಮಂಗಳವಾರ?"

"ಮಂಗಳವಾರಕ್ಕೂ ಅದಕ್ಕೂ ಸಂಬಂಧ ಇಲ್ಲ ಮರ್ತಾ. ನಿನ್ನ ತಪ್ಪು ಇಲ್ಲ."

"ಮತ್ತೆ ಎಂತಕ್ಕೆ? ಸುಮ್ನೆ ಕೊಡೂದೇ ಆದ್ರೆ ನನ್ನ ಪೆದ್ರುನ್ನ ಎಂತಕ್ಕೆ ಉಳ್ಸಿ ಕೊಡ್ಲಿಲ್ಲ?"

"ನಂಗೆ ಗೊತ್ತಿಲ್ಲ."

ಅವಳು ಫಾದರ್ ಕಡೆ ನೋಡಿದಳು. ಎಲ್ಲರೂ ನೋಡಿದರು. ಕರೇಜ್ಮವಿಡೀ ಕೃಪೆಯ ಮಾತಾಡಿದವರು ಎಂಜಲು ಕೈಯನ್ನು ತಟ್ಟೆಯ ಮೇಲೆ ಹಾಗೇ ಹಿಡಿದು ಕೂತಿದ್ದರು. "ನಂಗೂ ಗೊತ್ತಿಲ್ಲ ಮಗಾ" ಎಂದರು.

ಆಗ ಮರ್ತಾ ಅತ್ತಳು. ಒಂದು ತಿಂಗಳು ಕಟ್ಟಿಟ್ಟದ್ದೆಲ್ಲ ಬಂತು, ನೆಲಕ್ಕೆ ಕೂತು, ಬಾಯಿ ತೆರೆದು, ಹಳ್ಳಿಯ ಹೆಂಗಸರು ಅಳುವ ಹಾಗೆ ಅತ್ತಳು. ನಾನು ಬೆನ್ನು ಹಿಡಿದುಕೊಂಡೆ. ಮುಗಿದ ಮೇಲೆ ಮುಖ ಒರೆಸಿ ಎದ್ದಳು. ಒಳಗಿನಿಂದ ತೊಳೆದ ತಟ್ಟೆಯೊಂದನ್ನು ತಂದು, ಗೋಡೆಯ ಮಗ್ಗುಲಲ್ಲಿ ಪೆದ್ರು ಯಾವಾಗಲೂ ಕೂರುತ್ತಿದ್ದ ಜಾಗದಲ್ಲಿ ಇಟ್ಟಳು. ಆಮೇಲೆ ಬಾಗಿಲಿಗೆ ಹೋಗಿ ಅಂಗಳಕ್ಕೆ ಕೂಗಿದಳು.

"ಇನಾಸಾ, ಒಳಗೆ ಬಾ. ಊಟ ತಣ್ಣಗಾತದೆ."

ಇನಾಸ ಅಲ್ಲಾಡಲಿಲ್ಲ. "ನಂಗೆ ಆ ಜಾಗ ಬೇಡ ಮರ್ತಾ" ಎಂದ.

"ಬೇಕು ಬೇಡ ಅಂತ ನಿನ್ನ ಕೇಳ್ದವ್ರು ಯಾರು? ನಾನು ಹಾಕ್ತೇನೆ, ನೀನು ಉಣ್ಣು."

ಅವನು ಕೊಡೆ ಮಡಚಿ, ಕಾಲು ತೊಳೆದು ಒಳಗೆ ಬಂದು ಕೂತ. ಮರ್ತಾ ಎರಡು ಸಲ ಅನ್ನ ಹಾಕಿ, ಮೀನಿನ ದೊಡ್ಡ ತುಂಡು ಹುಡುಕಿ ಹಾಕಿದಳು. ಅವನ ಕಣ್ಣಿನ ನೀರು ತಟ್ಟೆಗೆ ಬೀಳುತ್ತಿತ್ತು. ಮರ್ತಾ ಎದುರಿನಿಂದ ಕದಲಲಿಲ್ಲ, ಅವನು ಮೊದಲ ತುತ್ತು ನುಂಗುವ ತನಕ ಅಲ್ಲೇ ನಿಂತಿದ್ದಳು.